ಗೆಲಾಕ್ಸಿಗಳ ಖಾನೇಸುಮಾರಿ



ಖಾನಾಪುರ ತಾಲೂಕು ಅಂದರೆ ನಮ್ಮ ಬೆಳಗಾವಿ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಮಳೆ ಮತ್ತು ಮಣ್ಣು. ಮಳೆಯ ಮಾತು ಆಮೇಲೆ ಬರುತ್ತದೆ, ಮಣ್ಣಿನಿಂದ ಶುರು ಮಾಡುತ್ತೇನೆ. ಇಲ್ಲಿಯ ಹಂಚು, ಮಡಕೆ, ಹೂಜಿ ಸುಡುವ ಕೆಲಸವನ್ನು ನಾನು ಚಿಕ್ಕಂದಿನಲ್ಲಿ ನಿಂತು ನೋಡಿದ್ದೇನೆ. ಭಟ್ಟಿಯ ಪಕ್ಕದ ಕಿಂಡಿಯಲ್ಲಿ ಹಿರಿಯ ಕುಂಬಾರರು ಇಣುಕುತ್ತಿದ್ದರು. ಒಳಗಿನ ಬೆಂಕಿ ಮಾಸಲು ಕೆಂಪಿದೆಯೋ, ಕಿತ್ತಳೆಯಾಗಿದೆಯೋ, ಹಳದಿಗೆ ತಿರುಗಿದೆಯೋ ನೋಡಿ, ಇನ್ನಷ್ಟು ಕಟ್ಟಿಗೆ ಬೇಕು ಎನ್ನುತ್ತಿದ್ದರು, ಇಲ್ಲವೆ ಸಾಕು, ಬಾಯಿ ಮುಚ್ಚಿರಿ ಎನ್ನುತ್ತಿದ್ದರು. ಕೈಯಲ್ಲಿ ಯಾವ ಮಾಪಕವೂ ಇರುತ್ತಿರಲಿಲ್ಲ. ಒಳಗೆ ಕೈ ಹಾಕದೆ, ಹೊರಗೆ ಬಂದ ಬೆಳಕನ್ನಷ್ಟೇ ಓದಿ ಒಳಗಿನ ಸ್ಥಿತಿಯನ್ನು ತಿಳಿಯುವ ವಿದ್ಯೆ ಅದು. ಇವತ್ತು ನಾನು ಹೇಳಹೊರಟಿರುವುದೂ ಅದೇ ವಿದ್ಯೆ. ಭಟ್ಟಿ ಮಾತ್ರ ನೂರಾರು ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ.

ಬಣ್ಣ ಕಾವನ್ನು ಹೇಳುತ್ತದೆ. ಒಳಗೆ ಏನು ಉರಿಯುತ್ತಿದೆ ಎಂಬುದನ್ನು ಅದು ಅಷ್ಟು ಸರಿಯಾಗಿ ಹೇಳಲಾರದು. ಅದಕ್ಕೆ ಬೆಳಕನ್ನು ಬಿಡಿಸಿ ನೋಡಬೇಕು. ತಾಯಂದಿರಿಗೆ ಗೊತ್ತು, ಅನ್ನಕ್ಕೆ ಉಪ್ಪು ಹಾಕುವಾಗ ನಾಲ್ಕು ಹರಳು ಒಲೆಗೆ ಬಿದ್ದರೆ ಜ್ವಾಲೆ ಥಟ್ಟನೆ ಹಳದಿಯಾಗುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಆ ಹಳದಿಯ ಒಡೆಯ. ನಾನು ಬಿ.ಎಸ್ಸಿ. ಓದುವಾಗ ಬೆಳಗಾವಿಯ ಕಾಲೇಜೊಂದರ ಕತ್ತಲೆ ಕೋಣೆಯಲ್ಲಿ ಸೋಡಿಯಂ ದೀಪದ ಬೆಳಕನ್ನು ಸೀಳುಗಂಡಿಯಲ್ಲಿ ಹಾಯಿಸಿ, ಪ್ರಿಸಂ ದಾಟಿಸಿ, ಸಣ್ಣ ದೂರದರ್ಶಕದಲ್ಲಿ ನೋಡಿದೆ. ಕಾಮನಬಿಲ್ಲಿನ ಏಳು ಬಣ್ಣ ಕಾಣಲಿಲ್ಲ. ಕಪ್ಪಿನ ನಡುವೆ ಒಂದೇ ಒಂದು ಹಳದಿ ಗೆರೆ ಇತ್ತು. ಗುರುಗಳು ಬಂದು ಸೀಳುಗಂಡಿಯನ್ನು ಇನ್ನಷ್ಟು ಸಣ್ಣದು ಮಾಡಿ, ಪ್ರಿಸಂ ತೆಗೆದು ಗ್ರೇಟಿಂಗ್, ಅಂದರೆ ಒತ್ತೊತ್ತಾಗಿ ಗೀರು ಕೊರೆದ ಗಾಜು, ಇಟ್ಟರು. ಒಂದೆಂದು ನಾನು ತಿಳಿದಿದ್ದ ಗೆರೆ ಎರಡಾಯಿತು: 589.0 ಮತ್ತು 589.6 ನ್ಯಾನೊಮೀಟರ್. ಅವಳಿ ಮಕ್ಕಳ ಹಾಗೆ ಪಕ್ಕಪಕ್ಕ ನಿಂತಿದ್ದವು. ಆ ಎರಡು ಗೆರೆಗಳು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಈ ಉಪನ್ಯಾಸವೆಲ್ಲ ಒಂದು ರೀತಿಯಲ್ಲಿ ಅವುಗಳ ಕಥೆಯೇ.

ಪ್ರತಿ ಧಾತುವಿಗೂ ಹೀಗೆ ತನ್ನದೇ ಗೆರೆಗಳಿವೆ. ಹೈಡ್ರೋಜನ್ನಿಗೆ 656.3ರಲ್ಲಿ ಕೆಂಪು ಗೆರೆ, 486.1ರಲ್ಲಿ ನೀಲಿ ಗೆರೆ. ಕ್ಯಾಲ್ಸಿಯಮ್ಮಿಗೆ ನೇರಳೆಯ ತುದಿಯಲ್ಲಿ ಒಂದು ಜೋಡಿ. ಬೆಳಕನ್ನು ಹೀಗೆ ಬಿಡಿಸಿ ಹಾಸಿದ ಪಟ್ಟಿಗೆ ನಮ್ಮ ಪಠ್ಯಪುಸ್ತಕಗಳು ರೋಹಿತ ಎಂಬ ಚಂದದ ಹೆಸರಿಟ್ಟಿವೆ. ನನಗೆ ಅದು ಹೆಬ್ಬೆಟ್ಟಿನ ಗುರುತಿನಂತೆ ಕಾಣುತ್ತದೆ. ಈ ಹೋಲಿಕೆಗೆ ಬೇರೊಂದು ಕಾರಣವೂ ಇದೆ. ಅದನ್ನು ಹೇಳಲು ಜಮಖಂಡಿಗೆ ಹೋಗಬೇಕು.

1868ರ ಆಗಸ್ಟ್ 18. ಶ್ರಾವಣದ ಅಮಾವಾಸ್ಯೆ. ರೈತರ ಲೆಕ್ಕದಲ್ಲಿ ಮಘೆಯ ಮಳೆ, ನಮ್ಮ ಹಿರಿಯರ ಬಾಯಲ್ಲಿ ಮಗಿ ಮಳೆ. ಅಂದು ಬೆಳಗಿನ ಹೊತ್ತು ಖಗ್ರಾಸ ಸೂರ್ಯಗ್ರಹಣದ ನೆರಳು ಅರಬ್ಬಿ ಸಮುದ್ರದ ಕಡೆಯಿಂದ ನಮ್ಮ ನಾಡಿನ ಮೇಲೆ ಹಾದು ಆಂಧ್ರದ ಕರಾವಳಿಯತ್ತ ಹೋಯಿತು. ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಗುಂಟೂರಿನಲ್ಲಿ ಬೀಡುಬಿಟ್ಟಿದ್ದ. ಪಠ್ಯಪುಸ್ತಕಗಳು ಅವನೊಬ್ಬನನ್ನೇ ನೆನೆಯುತ್ತವೆ. ಆದರೆ ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್ ಎಂಬವನಿದ್ದ, ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಇದ್ದ. ಲಂಡನ್ನಿನ ರಾಯಲ್ ಸೊಸೈಟಿ ಕಳಿಸಿದ ದೂರದರ್ಶಕಕ್ಕೆ ರೋಹಿತದರ್ಶಕ ಜೋಡಿಸಿಕೊಂಡು ಅವನು ಕಾಯುತ್ತಿದ್ದ. ಮಳೆಗಾಲದ ಮೋಡ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಂದೂ ಮೋಡಗಳಿದ್ದವು. ತಿಂಗಳುಗಟ್ಟಲೆ ಸಿದ್ಧತೆ ಮಾಡಿಕೊಂಡವನು ಕೆಲವೇ ನಿಮಿಷಗಳ ಕತ್ತಲೆಗಾಗಿ ಕಾದು ನಿಂತಾಗ ಸೂರ್ಯನ ಮುಂದೆ ಮೋಡ ತೇಲುತ್ತಿದ್ದರೆ ಅವನ ಎದೆ ಹೇಗಾಗಿರಬೇಕು! ನಡುವೆ ಮೋಡ ಸರಿಯಿತು. ಸೂರ್ಯನ ಅಂಚಿನಿಂದ ಎದ್ದ ಕೆಂಪು ಚಾಚಿಕೆಯ ಮೇಲೆ ಸೀಳುಗಂಡಿ ಕೂತಿತು. ಕಂಡದ್ದು ಮೂರು ಹೊಳೆಯುವ ಗೆರೆಗಳು: ಕೆಂಪು, ಕಿತ್ತಳೆ, ನೀಲಿ. ಹಿನ್ನೆಲೆಯಲ್ಲಿ ಕಾಮನಬಿಲ್ಲಿನ ಸುಳಿವೇ ಇರಲಿಲ್ಲ. ಗೆರೆಗಳಷ್ಟೇ ಕಂಡರೆ ಅದು ಉರಿಯುವ ಅನಿಲ ಎಂದರ್ಥ. ಗ್ರಹಣದ ಅಂಚಿನ ಆ ಕೆಂಪು ನಾಲಗೆಗಳು ಅನಿಲದವು ಎಂಬುದಕ್ಕೆ ಸಾಕ್ಷಿ ಸಿಕ್ಕ ಜಾಗಗಳಲ್ಲಿ ನಮ್ಮ ಜಮಖಂಡಿಯೂ ಒಂದು.

ಈ ಹರ್ಷೆಲ್ ಯಾರ ಮನೆಯವನು? ದೊಡ್ಡ ದೂರದರ್ಶಕಗಳನ್ನು ತಾನೇ ಕಟ್ಟಿ, ತಂಗಿ ಕ್ಯಾರೊಲಿನ್ ಜೊತೆ ರಾತ್ರಿಗಟ್ಟಲೆ ಕೂತು, ಎರಡೂವರೆ ಸಾವಿರ ನೀಹಾರಿಕೆಗಳನ್ನು ಪಟ್ಟಿಮಾಡಿದ ವಿಲಿಯಂ ಹರ್ಷೆಲ್ ಅವನ ಅಜ್ಜ. ದಕ್ಷಿಣದ ಆಕಾಶವನ್ನು ನೋಡಲು ಆಫ್ರಿಕದ ತುದಿಗೆ ಹೋಗಿ ನಾಲ್ಕು ವರ್ಷ ಇದ್ದ ಸರ್ ಜಾನ್ ಹರ್ಷೆಲ್ ಅವನ ತಂದೆ. ಇನ್ನು ಅವನ ಅಣ್ಣ, ವಿಲಿಯಂ ಜೇಮ್ಸ್ ಹರ್ಷೆಲ್, ಬಂಗಾಳದಲ್ಲಿ ಅಧಿಕಾರಿಯಾಗಿದ್ದ. 1858ರಲ್ಲಿ ಒಂದು ಕರಾರುಪತ್ರಕ್ಕೆ ಸಹಿಯ ಜೊತೆ ಗುತ್ತಿಗೆದಾರನ ಅಂಗೈ ಅಚ್ಚನ್ನು ತೆಗೆದುಕೊಂಡು, ಮುಂದೆ ಬೆರಳಚ್ಚನ್ನು ಗುರುತಿನ ಸಾಧನವಾಗಿ ಬಳಸಿದವನು ಅವನೇ. ಅಣ್ಣ ಮನುಷ್ಯರ ಹೆಬ್ಬೆಟ್ಟು ಓದಿದ, ತಮ್ಮ ಬೆಳಕಿನ ಹೆಬ್ಬೆಟ್ಟು ಓದಿದ. ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ದೇಶಕ್ಕೆ ಬಂದು ಮಾಡಿದ ಈ ಎರಡು ಕೆಲಸಗಳನ್ನು ಒಟ್ಟಿಗೆ ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಜಮಖಂಡಿಯ ಆ ಕಿತ್ತಳೆ ಗೆರೆಗೆ ಮರಳಿ ಬರೋಣ. ಅದು ಸೋಡಿಯಮ್ಮಿನ ಜಾಗದಲ್ಲೇ ಇದ್ದಂತೆ ಕಂಡಿತು. ಹರ್ಷೆಲ್ ಹಾಗೆಯೇ ಎಣಿಸಿದ. ಅಂದು ಅದನ್ನು ನೋಡಿದ ಇನ್ನೂ ಕೆಲವರು ಹಾಗೆಯೇ ಎಣಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಖಗೋಳಜ್ಞ ಲಾಕಿಯರ್ ಗ್ರಹಣವಿಲ್ಲದ ದಿನವೇ ಸೂರ್ಯನ ಅಂಚನ್ನು ನೋಡಿ ಅಳೆದಾಗ ಆ ಗೆರೆ ಸೋಡಿಯಮ್ಮಿನ ಜೋಡಿಯಿಂದ ಕೂದಲೆಳೆಯಷ್ಟು ಆಚೆಗೆ, 587.6ರಲ್ಲಿ ಇತ್ತು. ಅದು ಯಾರೂ ಕಂಡಿರದ ಧಾತುವಿನ ಗುರುತು. ಹೀಲಿಯಂ ಎಂದು ಹೆಸರಾಯಿತು. ಭೂಮಿಯ ಮೇಲೆ ಅದು ರಸಾಯನವಿಜ್ಞಾನಿ ರ‍್ಯಾಮ್ಸೆಯ ಕೈಗೆ ಸಿಕ್ಕಿದ್ದು 1895ರಲ್ಲಿ. ನಮ್ಮ ಹರ್ಷೆಲ್ಲನದು ಅಸಡ್ಡೆಯಾಗಿರಲಿಲ್ಲ. ಮೋಡದ ಸಂದಿಯ ಕೆಲವು ಗಳಿಗೆಯಲ್ಲಿ ಕಣ್ಣಳತೆಯಿಂದ ಅಷ್ಟೇ ಸಾಧ್ಯವಿತ್ತು. ಒಂಟಿ ಗೆರೆ ಮೋಸ ಮಾಡಬಲ್ಲದು ಎಂಬುದನ್ನು ನೆನಪಿಡಿ, ಮುಂದೆ ಇದು ಬೇಕಾಗುತ್ತದೆ. ಹೊಲದ ತಕರಾರಿನಲ್ಲಿ ಒಬ್ಬನೇ ಸಾಕ್ಷಿ ಹೇಳಿದರೆ ಪಂಚರು ಒಪ್ಪುತ್ತಾರೆಯೇ? ಎರಡನೆಯವರನ್ನು ಕರೆಯುತ್ತಾರೆ.

ಗ್ರಹಣದ ವರ್ಷವೇ ಹರ್ಷೆಲ್ ಭಾರತದಲ್ಲಿದ್ದುಕೊಂಡೇ ದಕ್ಷಿಣಾಕಾಶದ ನೀಹಾರಿಕೆಗಳ ಕಡೆಗೂ ರೋಹಿತದರ್ಶಕ ತಿರುಗಿಸಿ, ಕಂಡದ್ದನ್ನು ರಾಯಲ್ ಸೊಸೈಟಿಗೆ ಬರೆದು ಕಳಿಸಿದ. ಅಜ್ಜ ಪಟ್ಟಿ ಮಾಡಿದ್ದ ಮಸುಕು ಚುಕ್ಕೆಗಳು ನಿಜವಾಗಿ ಏನು ಎಂಬ ಪ್ರಶ್ನೆ ಆಗ ಬಿಸಿಯಾಗಿತ್ತು. 1864ರಲ್ಲಿ ಲಂಡನ್ನಿನ ವಿಲಿಯಂ ಹಗಿನ್ಸ್ ಒಂದು ನೀಹಾರಿಕೆಯಲ್ಲಿ ಬರೀ ಹೊಳೆಯುವ ಗೆರೆಗಳನ್ನು ಕಂಡು ಅದು ಅನಿಲ ಎಂದಿದ್ದ. ದೇವಯಾನಿಯ ದೊಡ್ಡ ನೀಹಾರಿಕೆ ಮಾತ್ರ ಬೇರೆಯಾಗಿತ್ತು. ಅದರ ಬೆಳಕು ನಕ್ಷತ್ರಗಳ ಬೆಳಕಿನ ಹಾಗೆ ಉದ್ದಕ್ಕೂ ಹಾಸಿಕೊಂಡಿತ್ತು. ಅದು ಕೋಟಿ ಕೋಟಿ ನಕ್ಷತ್ರಗಳ ಇನ್ನೊಂದು ಗೆಲಾಕ್ಸಿ ಎಂದು ಲೋಕ ಒಪ್ಪಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಆಕಾಶದ ಮಸುಕು ಚುಕ್ಕೆಗಳನ್ನು ಒಂದೊಂದಾಗಿ ರೋಹಿತದಿಂದ ವಿಚಾರಿಸುವ ಪರಿಪಾಠ ಮಾತ್ರ ಅಲ್ಲಿಂದ ನಿಂತಿಲ್ಲ.

ಅಮೆರಿಕದ ಅರಿಝೋನಾದಲ್ಲಿ ವೆಸ್ಟೊ ಸ್ಲೈಫರ್ ಎಂಬ ಮಿತಭಾಷಿ ಇದ್ದ. 1912ರ ಸೆಪ್ಟೆಂಬರಿನಲ್ಲಿ ಅವನು ದೇವಯಾನಿಯ ಬೆಳಕನ್ನು ಗಂಟೆಗಟ್ಟಲೆ ಒಂದೇ ಗಾಜಿನ ಫಲಕದ ಮೇಲೆ ಬೀಳಿಸಿ ರೋಹಿತ ತೆಗೆದ. ಪರಿಚಿತ ಗೆರೆಗಳೆಲ್ಲ ಇದ್ದವು, ಆದರೆ ಒಟ್ಟಾಗಿ ನೀಲಿಯ ಕಡೆಗೆ ಸರಿದಿದ್ದವು. ಲೆಕ್ಕ ಹಾಕಿದರೆ ದೇವಯಾನಿ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮ ಕಡೆಗೆ ಬರುತ್ತಿತ್ತು. ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. 1917ರ ಹೊತ್ತಿಗೆ 25 ನೀಹಾರಿಕೆಗಳ ಲೆಕ್ಕ ಅವನಲ್ಲಿತ್ತು. ಅವುಗಳಲ್ಲಿ 21ರ ಗೆರೆಗಳು ಕೆಂಪಿನ ಕಡೆಗೆ ಸರಿದಿದ್ದವು. ಅವು ದೂರ ಹೋಗುತ್ತಿದ್ದವು. ಅಮೆರಿಕದ ಖಗೋಳಜ್ಞ ಹಬಲ್ 1929ರಲ್ಲಿ ದೂರಕ್ಕೂ ಈ ಸರಿಯುವಿಕೆಗೂ ಗಂಟು ಹಾಕಿದ: ಗೆಲಾಕ್ಸಿ ದೂರವಿದ್ದಷ್ಟೂ ಗೆರೆಗಳು ಹೆಚ್ಚು ಕೆಂಪಿಗೆ ಸರಿದಿರುತ್ತವೆ. ಅವನಿಗಾಗಿ ಮೌಂಟ್ ವಿಲ್ಸನ್ ಶಿಖರದಲ್ಲಿ ಹಲವು ರಾತ್ರಿ ಒಂದೇ ಮಸುಕು ಗೆಲಾಕ್ಸಿಯ ಮೇಲೆ ದೂರದರ್ಶಕವನ್ನು ನೆಟ್ಟು ಕೂತು ರೋಹಿತ ತೆಗೆದುಕೊಟ್ಟವನು ಮಿಲ್ಟನ್ ಹ್ಯೂಮಸನ್. ಹೈಸ್ಕೂಲು ಮುಗಿಸದವನು. ಆ ಬೆಟ್ಟಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ಹೊತ್ತು ತರುತ್ತಿದ್ದವನು, ಆಮೇಲೆ ಅಲ್ಲಿಯೇ ಕಸ ಗುಡಿಸುತ್ತಿದ್ದವನು. ಅವನ ಕೈಯಷ್ಟು ಸ್ಥಿರವಾದ ಕೈ ಆ ಕಾಲದಲ್ಲಿ ಇನ್ನೊಂದಿರಲಿಲ್ಲ. ಮುಂದಿನ ಸಾಲಿನ ಮಕ್ಕಳಿಗೆಂದೇ ಇವನ ಹೆಸರನ್ನು ಎತ್ತಿದ್ದೇನೆ.

ಗೆರೆಗಳು ಹೀಗೆ ಸರಿಯುವ ಕೆಂಪು ಪಲ್ಲಟ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಲೋಂಡಾ ಕಡೆ ಹೋಗುವ ರೈಲು ನಮ್ಮನ್ನು ದಾಟಿದ ಮೇಲೆ ಸೀಟಿಯ ದನಿ ಇಳಿಯುವುದನ್ನು ಸಾಮಾನ್ಯವಾಗಿ ಉದಾಹರಣೆ ಕೊಡುತ್ತಾರೆ. ಹತ್ತಿರದ ಗೆಲಾಕ್ಸಿಗಳಿಗೆ ಅದು ಸಾಕು, ದೂರದವುಗಳಿಗೆ ಸಾಲದು. ಹಳೆಯ ಸೈಕಲ್ ಟ್ಯೂಬಿನ ತುಂಡಿನ ಮೇಲೆ ಹೆಬ್ಬೆಟ್ಟು ಒತ್ತಿ, ಎರಡೂ ತುದಿ ಹಿಡಿದು ಎಳೆಯಿರಿ. ಗುರುತಿನ ಗೆರೆಗಳೆಲ್ಲ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಆದರೂ ಅದು ಯಾರ ಹೆಬ್ಬೆಟ್ಟೋ ಅವರದೇ. ಬೆಳಕು ದಾರಿಯಲ್ಲಿರುವಾಗ ಆಕಾಶವೇ ಹಿಗ್ಗುತ್ತದೆ, ಬೆಳಕಿನ ಅಲೆಯೂ ಜೊತೆಗೆ ಹಿಗ್ಗುತ್ತದೆ. ಆಮ್ಲಜನಕದ ಒಂದು ಗೆರೆ ಪ್ರಯೋಗಶಾಲೆಯ ಲೆಕ್ಕದಲ್ಲಿ 372.7 ನ್ಯಾನೊಮೀಟರಿನಲ್ಲಿ, ಕಣ್ಣಿಗೆ ಕಾಣದ ನೇರಳೆಯಾಚೆ ಇರಬೇಕು. ಯಾವುದೋ ಗೆಲಾಕ್ಸಿಯಲ್ಲಿ ಅದು 745.4ರಲ್ಲಿ ಸಿಕ್ಕರೆ ಅಲೆ ಸರಿಯಾಗಿ ಎರಡರಷ್ಟು ಹಿಗ್ಗಿದೆ. ಆ ಬೆಳಕು ಹೊರಟಾಗ ಗೆಲಾಕ್ಸಿಗಳ ನಡುವಿನ ಅಂತರ ಇಂದಿನ ಅರ್ಧದಷ್ಟಿತ್ತು. ಅದು ಹೊರಟು ಸುಮಾರು 780 ಕೋಟಿ ವರ್ಷವಾಯಿತು. ನಮ್ಮ ಸೂರ್ಯ ಹುಟ್ಟಿ ಆಗಿರುವುದೇ 460 ಕೋಟಿ ವರ್ಷ.

ಹಿಗ್ಗುವ ವಿಶ್ವದ ಮಾತು ಬಂದ ಮೇಲೆ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ನಮ್ಮ ನೆರೆಯ ಕೊಲ್ಹಾಪುರದಲ್ಲಿ 1938ರಲ್ಲಿ ಹುಟ್ಟಿ, ಪುಣೆಯಲ್ಲಿ ಐಯುಕಾ ಎಂಬ ಖಗೋಳ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ ಜಯಂತ ನಾರಳೀಕರರು 2025ರ ಮೇ 20ರಂದು ತೀರಿಕೊಂಡರು. ವಿಶ್ವ ಒಂದು ಮಹಾಸ್ಫೋಟದಿಂದ ಶುರುವಾಯಿತೆನ್ನುವ ಬಿಗ್ ಬ್ಯಾಂಗನ್ನು ಲೋಕವೆಲ್ಲ ಒಪ್ಪಿದ ಮೇಲೂ ಅವರು ಒಪ್ಪಲಿಲ್ಲ, ಇಂಗ್ಲೆಂಡಿನ ಖಗೋಳಜ್ಞ ಫ್ರೆಡ್ ಹಾಯ್ಲ್ ಜೊತೆಗೂಡಿ ಬೇರೆ ಸಿದ್ಧಾಂತ ಕಟ್ಟಿದರು. ಆಧಾರಗಳು ಬಿಗ್ ಬ್ಯಾಂಗ್ ಕಡೆಗೇ ಇವೆ ಎಂಬುದು ನನ್ನ ನಿಲುವು. ಆದರೂ ಎಲ್ಲರೂ ತಲೆಯಾಡಿಸುವಾಗ ಎರಡನೆಯ ಸಾಕ್ಷಿ ಕೇಳುವವರೊಬ್ಬರು ಇರಬೇಕು ಎಂದು ನಮ್ಮ ತಲೆಮಾರಿಗೆ ಕಲಿಸಿದವರು ಅವರು.

ಈಗ ಖಾನೇಸುಮಾರಿಗೆ, ಅಂದರೆ ಗೆಲಾಕ್ಸಿಗಳ ಜನಗಣತಿಗೆ, ಬರೋಣ. ಗೆಲಾಕ್ಸಿಯೊಂದು ಹುಟ್ಟಿ ಬೆಳೆದು ಮುದಿಯಾಗುವುದನ್ನು ಕೂತು ನೋಡಲು ಯಾರ ಆಯುಷ್ಯವೂ ಸಾಲದು. ಅಜ್ಜ ವಿಲಿಯಂ ಹರ್ಷೆಲ್ ಇದಕ್ಕೊಂದು ಉಪಾಯ ಹೇಳಿದ್ದ: ತೋಟಕ್ಕೆ ಒಮ್ಮೆ ಹೋದವನು ಮೊಳಕೆ, ಗಿಡ, ಹೂವು, ಕಾಯಿ, ಒಣಗಿದ ಕಡ್ಡಿ ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ಕಂಡು ಗಿಡದ ಬಾಳನ್ನು ಊಹಿಸಬಲ್ಲ. ಆಕಾಶ ನಮಗೆ ಅದಕ್ಕಿಂತಲೂ ಉದಾರವಾಗಿದೆ. ಹೆಚ್ಚು ದೂರ ನೋಡಿದಷ್ಟೂ ಹಳೆಯ ಕಾಲವೇ ಕಣ್ಣಿಗೆ ಬೀಳುತ್ತದೆ. ನಮ್ಮ ದೇಶದ ಮೊದಲ ಖಾನೇಸುಮಾರಿ 1872ರದು, ಜಮಖಂಡಿಯ ಗ್ರಹಣವಾಗಿ ನಾಲ್ಕು ವರ್ಷಕ್ಕೆ. ಅಂದಿನಿಂದ ಪ್ರತಿ ದಶಕದ ಪುಸ್ತಕವನ್ನು ಕಪಾಟಿನಲ್ಲಿ ಸಾಲಾಗಿ ಇಟ್ಟರೆ ಮನೆಗಳು ಎಷ್ಟಾದವು, ಯಾವ ಕಸುಬು ಹೋಗಿ ಯಾವುದು ಬಂತು ಎಲ್ಲ ಓದಬಹುದು. ಆಕಾಶದಲ್ಲಿ ಆ ಕಪಾಟಿನ ಪುಸ್ತಕಗಳೆಲ್ಲ ಒಂದೇ ಸಮಯಕ್ಕೆ ತೆರೆದಿವೆ. ತೊಡಕು ಏನೆಂದರೆ ಯಾವ ಪುಟ ಯಾವ ಇಸವಿಯದು ಎಂದು ಬರೆದಿಲ್ಲ. ಫೋಟೋದಲ್ಲಿ ಹತ್ತಿರದ ಸಣ್ಣ ಗೆಲಾಕ್ಸಿಯೂ ದೂರದ ದೊಡ್ಡ ಗೆಲಾಕ್ಸಿಯೂ ಒಂದೇ ತೆರನ ಚುಕ್ಕೆ. ಇಸವಿ ಇರುವುದು ರೋಹಿತದಲ್ಲಿ. ಆದ್ದರಿಂದ ಎಷ್ಟು ಗೆಲಾಕ್ಸಿಗಳಿವೆಯೋ ಅಷ್ಟು ರೋಹಿತ ಬೇಕು.

ಮೊದಮೊದಲು ಒಂದೊಂದನ್ನೇ ತೆಗೆಯಬೇಕಾಗಿತ್ತು. 1986ರಲ್ಲಿ ಹಾರ್ವರ್ಡಿನ ಮಾರ್ಗರೆಟ್ ಗೆಲರ್, ಜಾನ್ ಹುಕ್ರಾ, ವಲೆರಿ ದ ಲಾಪಾರಾ ಮೂವರು ಸುಮಾರು 1,100 ಗೆಲಾಕ್ಸಿಗಳ ದೂರವನ್ನು ನಕ್ಷೆಯಲ್ಲಿಟ್ಟಾಗ ಜನ ಬೆರಗಾದರು. ಗೆಲಾಕ್ಸಿಗಳು ಸಮನಾಗಿ ಹರಡಿರಲಿಲ್ಲ. ಸೋಪಿನ ನೊರೆಯ ಗುಳ್ಳೆಗಳ ಮೈಮೇಲೆ ಕೂತ ಹಾಗೆ ಕೂತಿದ್ದವು, ಗುಳ್ಳೆಗಳ ಒಳಗೆ ಖಾಲಿ. ಇದರ ಮುಂದಿನ ಹೆಜ್ಜೆ ನನಗೆ ತುಂಬ ಇಷ್ಟ. ನ್ಯೂ ಮೆಕ್ಸಿಕೋದ ಸ್ಲೋನ್ ಸಮೀಕ್ಷೆಯವರು ಆಕಾಶದ ಒಂದು ತುಣುಕಿನ ಗೆಲಾಕ್ಸಿಗಳು ಎಲ್ಲೆಲ್ಲಿವೆ ಎಂದು ಫೋಟೋದಿಂದ ಗುರುತಿಸಿ, ದೊಡ್ಡ ಅಲ್ಯೂಮಿನಿಯಂ ತಟ್ಟೆಯಲ್ಲಿ ಅದೇ ಜಾಗಗಳಿಗೆ 640 ತೂತು ಕೊರೆಸುತ್ತಿದ್ದರು. ಹಗಲು ಹೊತ್ತು ಕೆಲಸಗಾರರು ಕೂತು ಒಂದೊಂದು ತೂತಿಗೂ ಗಾಜಿನ ಎಳೆಯೊಂದನ್ನು ಕೈಯಿಂದಲೇ ಸಿಕ್ಕಿಸುತ್ತಿದ್ದರು. ರಾತ್ರಿ ತಟ್ಟೆಯನ್ನು ದೂರದರ್ಶಕಕ್ಕೆ ಕಟ್ಟಿದರೆ ಒಂದೊಂದು ಎಳೆಯಲ್ಲಿ ಒಂದೊಂದು ಗೆಲಾಕ್ಸಿಯ ಬೆಳಕು ಹರಿದು ರೋಹಿತದರ್ಶಕಕ್ಕೆ ಹೋಗುತ್ತಿತ್ತು. ಬೆಳಗಾವಿಯ ಶಹಾಪುರ, ವಡಗಾಂವಿಯ ನೇಕಾರರ ಮನೆಗಳಲ್ಲಿ ಹೊಸ ಹಾಸು ಹೂಡುವಾಗ ಹಣಿಗೆಯ ಸಂದಿಗಳಲ್ಲಿ ಎಳೆ ಪೋಣಿಸುವುದನ್ನು ನೋಡಿದವರಿಗೆ ಈ ಕೆಲಸ ಕಣ್ಣಿಗೆ ಕಟ್ಟುತ್ತದೆ. ಎಳೆ ತಪ್ಪಿದರೆ ಸೀರೆಯಲ್ಲಿ ಗೆರೆ ಬೀಳುತ್ತದೆ, ಇಲ್ಲಿ ಗೆಲಾಕ್ಸಿ ತಪ್ಪುತ್ತದೆ. ಅಷ್ಟು ತಾಳ್ಮೆಯ ಬೆರಳುಗಳಿಂದ ಒಂಬತ್ತು ಲಕ್ಷಕ್ಕೂ ಹೆಚ್ಚು ಗೆಲಾಕ್ಸಿಗಳ ರೋಹಿತ ಬಂತು. ಬಳಸಿ ಮುಗಿದ ತಟ್ಟೆಗಳನ್ನು ಅವರು ಶಾಲೆಗಳಿಗೂ ಕೊಟ್ಟಿದ್ದಾರೆ. ಅಂಥ ತಟ್ಟೆಯೊಂದು ನಮ್ಮ ತಾಲೂಕಿನ ಶಾಲೆಯೊಂದರ ಗೋಡೆಯ ಮೇಲೆ ಇರಬೇಕೆಂಬುದು ನನ್ನ ಆಸೆ.

ಈಗ ಆ ಬೆರಳುಗಳ ಜಾಗಕ್ಕೆ ಯಂತ್ರ ಬಂದಿದೆ. ಅರಿಝೋನಾದ ಕಿಟ್ ಪೀಕ್ ಶಿಖರದ ನಾಲ್ಕು ಮೀಟರ್ ದೂರದರ್ಶಕದಲ್ಲಿ ಡೆಸಿ ಎಂಬ ಉಪಕರಣ ಕೂತಿದೆ. ಅದರೊಳಗೆ 5,000 ಪುಟ್ಟ ರೋಬೋಗಳು, ಒಂದೊಂದೂ ಗಾಜಿನ ಎಳೆಯೊಂದನ್ನು ಹಿಡಿದು ತನ್ನ ಪಾಲಿನ ಗೆಲಾಕ್ಸಿಯ ನೇರಕ್ಕೆ ತಾನೇ ಸರಿದು ನಿಲ್ಲುತ್ತದೆ. ಇಪ್ಪತ್ತು ನಿಮಿಷದ ಆಸುಪಾಸು ಬೆಳಕು ಹಿಡಿದು ಮುಂದಿನ ತುಣುಕಿಗೆ ಹೋಗುತ್ತದೆ. 2021ರ ಮೇ ತಿಂಗಳಲ್ಲಿ ಪೂರ್ಣ ಸಮೀಕ್ಷೆ ಶುರುವಾಯಿತು. 2025ರ ಮಾರ್ಚಿನಲ್ಲಿ ಎಲ್ಲರಿಗೂ ತೆರೆದಿಟ್ಟ ಮೊದಲ ಕಂತಿನಲ್ಲೇ 1 ಕೋಟಿ 87 ಲಕ್ಷ ಆಕಾಶಕಾಯಗಳಿದ್ದವು. ಸ್ಲೈಫರ್ ವರ್ಷಗಟ್ಟಲೆ ಬೆವರು ಸುರಿಸಿ ಪಡೆದದ್ದು 25.

ಡೆಸಿ ದೂರದ ಗೆಲಾಕ್ಸಿಗಳಲ್ಲಿ ಹೆಚ್ಚಾಗಿ ಹುಡುಕುವುದು ಆಗಲೇ ಹೇಳಿದ ಆಮ್ಲಜನಕದ 372.7ರ ಗೆರೆಯನ್ನು. ಹೊಸ ಬಿಸಿ ನಕ್ಷತ್ರಗಳು ಹುಟ್ಟುವ ಕಡೆ ಅದು ಪ್ರಖರವಾಗಿರುತ್ತದೆ. ಎಷ್ಟೋ ಗೆಲಾಕ್ಸಿಗಳಲ್ಲಿ ಅದೊಂದೇ ಗೆರೆ ಕಾಣುತ್ತದೆ, ಉಳಿದವು ಉಪಕರಣದ ಹರವಿನಿಂದ ಆಚೆ ಹೋಗಿರುತ್ತವೆ. ಒಂಟಿ ಗೆರೆಯನ್ನು ನಂಬುವುದು ಹೇಗೆ? ನಂಬಬಹುದು, ಏಕೆಂದರೆ ಅದು ಒಂಟಿಯಲ್ಲ. ಸೂಕ್ಷ್ಮವಾಗಿ ಬಿಡಿಸಿದರೆ ಸೋಡಿಯಮ್ಮಿನ ಹಾಗೆ ಅದೂ ಅವಳಿ, 372.6 ಮತ್ತು 372.9. ಜೋಡಿ ಕಂಡರೆ ಆಮ್ಲಜನಕವೆಂದು ಗುರುತು ಖಚಿತ, ಇಸವಿಯೂ ಖಚಿತ. ಅವಳಿಯನ್ನು ಬೇರೆ ಮಾಡುವಷ್ಟು ಚೂಪಾಗಿರಬೇಕೆಂದೇ ಡೆಸಿಯ ರೋಹಿತದರ್ಶಕಗಳನ್ನು ಕಟ್ಟಿದ್ದಾರೆ. ಇದನ್ನು ಓದಿದ ದಿನ ನನಗೆ ಕಾಲೇಜಿನ ಆ ಕತ್ತಲೆ ಕೋಣೆ ನೆನಪಾಯಿತು.

ಇಷ್ಟೆಲ್ಲ ಎಣಿಸಿ ತಿಳಿದದ್ದೇನು? ನನ್ನ ಮಟ್ಟಿಗೆ ದೊಡ್ಡ ಸುದ್ದಿ ನಕ್ಷತ್ರಗಳ ಹುಟ್ಟಿನ ಲೆಕ್ಕ. 1995ರಲ್ಲಿ ಕೆನಡಾ ಮತ್ತು ಫ್ರಾನ್ಸಿನವರು ಸೇರಿ ಸುಮಾರು 600 ದೂರದ ಗೆಲಾಕ್ಸಿಗಳನ್ನು ವಿಚಾರಿಸಿದಾಗಲೇ, ಹಿಂದಿನ ಕಾಲದಲ್ಲಿ ವಿಶ್ವ ಹೆಚ್ಚು ಬೆಳಗುತ್ತಿತ್ತು ಎಂಬ ಸುಳಿವು ಸಿಕ್ಕಿತ್ತು. ಆಮೇಲಿನ ಸಮೀಕ್ಷೆಗಳು ಅದನ್ನು ಗಟ್ಟಿ ಮಾಡಿದವು. ವಿಶ್ವಕ್ಕೆ ಈಗ 1,380 ಕೋಟಿ ವರ್ಷ. ನಕ್ಷತ್ರಗಳು ಅತಿ ಹೆಚ್ಚು ಹುಟ್ಟಿದ್ದು ಇಲ್ಲಿಂದ ಹಿಂದಕ್ಕೆ ಸುಮಾರು ಸಾವಿರ ಕೋಟಿ ವರ್ಷದ ಹೊತ್ತಿಗೆ, ಇಂದಿನ ಹತ್ತು ಪಟ್ಟು ವೇಗದಲ್ಲಿ. ಅಂದಿನಿಂದ ಹುಟ್ಟು ಇಳಿಯುತ್ತಲೇ ಬಂದಿದೆ. ನಾವು ಸುಗ್ಗಿ ಮುಗಿದ ಮೇಲೆ ಬಂದವರು. ದೊಡ್ಡ ಗೆಲಾಕ್ಸಿಗಳು ಮೊದಲೇ ಬೆಳೆದು, ಹೊಸ ನಕ್ಷತ್ರ ಹಡೆಯುವುದನ್ನು ಬೇಗ ನಿಲ್ಲಿಸಿವೆ. ಅವುಗಳ ಬೆಳಕು ಈಗ ಮುದಿ ನಕ್ಷತ್ರಗಳ ಕೆಂಪು. ಸಣ್ಣವು ಇನ್ನೂ ನೀಲಿಯಾಗಿ, ನಿಧಾನವಾಗಿ ಹಡೆಯುತ್ತಿವೆ. ದೊಡ್ಡವು ಯಾಕೆ ನಿಂತವು, ಅನಿಲ ತೀರಿತೋ, ನಡುವಿನ ಕಪ್ಪುರಂಧ್ರ ಅದನ್ನು ಕಾಯಿಸಿ ಹೊರದಬ್ಬಿತೋ ಎಂಬ ವಾದ ಇನ್ನೂ ನಡೆದಿದೆ. ಒಂದು ಎಚ್ಚರವೂ ಬೇಕು. ಸಾವಿರ ಕೋಟಿ ವರ್ಷ ಹಿಂದಿನ ಆ ಗೆಲಾಕ್ಸಿ ಇಂದಿನ ಯಾವ ಗೆಲಾಕ್ಸಿಯ ಬಾಲ್ಯ ಎಂದು ನೇರವಾಗಿ ಹೇಳಲಾಗದು. ಹಳೆಯ ಖಾನೇಸುಮಾರಿಯಲ್ಲಿ ಕಂಡ ಕೂಸು ಇಂದಿನ ಯಾವ ಮನೆಯ ಅಜ್ಜ ಎಂದು ಹೇಳಲಾಗದ ಹಾಗೆಯೇ ಇದು. ಅದಕ್ಕೇ ಒಂದೆರಡು ಸಾಲದು, ಲಕ್ಷಗಳು ಬೇಕು.

ಎರಡನೆಯ ಸುದ್ದಿ ಹರಡಿಕೊಂಡಿರುವ ಬಗೆಯದು. ಎಳೆಯ ವಿಶ್ವದಲ್ಲಿ ಬಿಸಿ ಅನಿಲದೊಳಗೆ ಶಬ್ದದಂಥ ಅಲೆಗಳು ಓಡಿ, ವಿಶ್ವ ತಣಿದಾಗ ನಿಂತುಹೋದವು. ಆ ಅಲೆಗಳು ನಿಂತ ಅಂತರ ಗೆಲಾಕ್ಸಿಗಳ ಹಂಚಿಕೆಯಲ್ಲಿ ಉಳಿದಿದೆ. ಇಂದಿನ ಲೆಕ್ಕದಲ್ಲಿ ಅದು ಸುಮಾರು 49 ಕೋಟಿ ಜ್ಯೋತಿರ್ವರ್ಷ. 2005ರಲ್ಲಿ ಸ್ಲೋನ್‌ನವರೂ ಆಸ್ಟ್ರೇಲಿಯಾದ ಸಮೀಕ್ಷೆಯವರೂ ಬೇರೆ ಬೇರೆಯಾಗಿ ಅದನ್ನು ಕಂಡರು. ಅಳತೆಗೋಲು ಸಿಕ್ಕಿತು. ಬೇರೆ ಬೇರೆ ಕಾಲದಲ್ಲಿ ಆ ಕೋಲು ಎಷ್ಟು ಉದ್ದ ಕಾಣುತ್ತದೆ ಎಂದು ಅಳೆದರೆ ವಿಶ್ವ ಯಾವಾಗ ಎಷ್ಟು ವೇಗದಲ್ಲಿ ಹಿಗ್ಗಿತು ಎಂದು ತಿಳಿಯುತ್ತದೆ. ವಿಶ್ವವನ್ನು ಹೊರಗೆ ತಳ್ಳುತ್ತಿರುವ ಡಾರ್ಕ್ ಎನರ್ಜಿ ಕಾಲ ಸರಿದಂತೆ ಸೊರಗುತ್ತಿರಬಹುದು ಎಂಬ ಸುಳಿವನ್ನು ಡೆಸಿ ಮೂರು ವರ್ಷದ ಲೆಕ್ಕದಿಂದ ಕೊಟ್ಟಿದೆ. ಸುಳಿವು ಎಂದೇ ಹೇಳುತ್ತೇನೆ. ಅದನ್ನು ತೀರ್ಪಾಗಿಸಲು ಸಾಕ್ಷಿ ಇನ್ನೂ ಬೇಕು.

ಚಿತ್ರಕ್ಕೂ ರೋಹಿತಕ್ಕೂ ಇರುವ ಅಂತರವನ್ನು ಜೇಮ್ಸ್ ವೆಬ್ ದೂರದರ್ಶಕ ಇತ್ತೀಚೆಗೆ ಕಣ್ಣಿಗೆ ಹೊಡೆದಂತೆ ತೋರಿಸಿತು. 2022ರಲ್ಲಿ ಅದರ ಚಿತ್ರದಲ್ಲಿ ಒಂದು ಕೆಂಪು ಚುಕ್ಕೆ ಸಿಕ್ಕಿತು. ಬಣ್ಣಗಳ ಲೆಕ್ಕದಿಂದ ಅದು ಬಿಗ್ ಬ್ಯಾಂಗ್ ಆಗಿ ಸುಮಾರು 24 ಕೋಟಿ ವರ್ಷಕ್ಕೆ ಸೇರಿದ್ದು ಎಂದು ಎಣಿಸಿದರು. ಆ ತನಕ ಯಾರೂ ಅಷ್ಟು ಹಿಂದೆ ಹೋಗಿರಲಿಲ್ಲ. ಮರುವರ್ಷ ರೋಹಿತ ತೆಗೆದರೆ ಅದು ವಿಶ್ವಕ್ಕೆ ನೂರು ಕೋಟಿ ವರ್ಷ ದಾಟಿದ ಮೇಲಿನ, ಧೂಳು ಮುಸುಕಿದ ಗೆಲಾಕ್ಸಿ. ಅದರ ಪ್ರಖರ ಗೆರೆಗಳು ಬಣ್ಣಗಳ ಲೆಕ್ಕವನ್ನು ತಪ್ಪಿಸಿದ್ದವು. ಅದೇ ವೆಬ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಸೂಕ್ಷ್ಮ ಕಿಟಕಿಗಳಿವೆ. ಬೇಕಾದ ಗೆಲಾಕ್ಸಿಯ ಮುಂದಿನ ಕಿಟಕಿಯನ್ನಷ್ಟೇ ತೆರೆದು ರೋಹಿತ ತೆಗೆಯಬಹುದು. 2024ರಲ್ಲಿ ಹಾಗೆ ಸಿಕ್ಕ ಇನ್ನೊಂದು ಗೆಲಾಕ್ಸಿ ರೋಹಿತದ ಪರೀಕ್ಷೆಯಲ್ಲಿ ಉಳಿದುಕೊಂಡಿತು. ಅದರ ಬೆಳಕು ಹೊರಟಾಗ ವಿಶ್ವಕ್ಕೆ ಮೂವತ್ತು ಕೋಟಿ ವರ್ಷವೂ ತುಂಬಿರಲಿಲ್ಲ. ಆಮೇಲೆ ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕದಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಅದೇ ಗೆಲಾಕ್ಸಿಯನ್ನು ವಿಚಾರಿಸಿದವು. ಆಮ್ಲಜನಕದ ಗೆರೆ ಸಿಕ್ಕಿತು. ನಾವು ಈಗ ಈ ಸಭಾಂಗಣದಲ್ಲಿ ಉಸಿರಾಡುತ್ತಿರುವ ಅದೇ ಧಾತು, ಅಷ್ಟು ಎಳೆಯ ವಿಶ್ವದಲ್ಲಿ, ಒಂದು ತಲೆಮಾರು ನಕ್ಷತ್ರಗಳು ಆಗಲೇ ಹುಟ್ಟಿ ಸತ್ತು ಬಿಟ್ಟುಹೋದದ್ದು.

ಇದರಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ ಇಟ್ಟಿರುವ ಎರಡು ಮೀಟರ್ ದೂರದರ್ಶಕವನ್ನು ಹೊಸಕೋಟೆಯ ಕೇಂದ್ರದಿಂದ ಉಪಗ್ರಹದ ಮೂಲಕ ನಡೆಸುತ್ತಾರೆ. ಅವರ ಮುಂದಾಳತ್ವದಲ್ಲಿ ಕಟ್ಟಿದ ನೇರಳಾತೀತ ದೂರದರ್ಶಕ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಮೇಲೇರಿತು. ಅದರ ಕನ್ನಡಿ ನಮ್ಮ ಮನೆಯ ರೊಟ್ಟಿ ಹಂಚಿಗಿಂತ ಹೆಚ್ಚು ದೊಡ್ಡದೇನಲ್ಲ, 38 ಸೆಂಟಿಮೀಟರಿನ ಆಸುಪಾಸು. ಪುಣೆಯ ಕನಕ ಸಾಹಾ ಅವರ ತಂಡ ಅದರಿಂದ 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯ ಅತಿ ತೀವ್ರ ನೇರಳಾತೀತ ಬೆಳಕನ್ನು ಹಿಡಿದು 2020ರಲ್ಲಿ ಪ್ರಕಟಿಸಿತು. ಅಂಥ ಬೆಳಕು ಗೆಲಾಕ್ಸಿಯಿಂದ ತಪ್ಪಿಸಿಕೊಂಡು ಹೊರಬರುವುದೇ ಅಪರೂಪ. ಎಳೆಯ ವಿಶ್ವದ ಮಬ್ಬು ತಿಳಿಯಾದದ್ದು ಹೇಗೆ ಎಂಬ ಪ್ರಶ್ನೆಗೆ ಅದು ಬೇಕಾದ ಕೊಂಡಿ. ಆ ಗೆಲಾಕ್ಸಿಯ ದೂರವನ್ನು ಹೇಳಿದ್ದು ಮತ್ತೆ ರೋಹಿತವೇ. ಲಕ್ಷಗಟ್ಟಲೆ ದೂರದ ಗೆಲಾಕ್ಸಿಗಳ ರೋಹಿತ ತೆಗೆಯಬಲ್ಲ ನಮ್ಮದೇ ದೊಡ್ಡ ದೂರದರ್ಶಕ ಈ ದೇಶದಲ್ಲಿ ಇಲ್ಲ. ಇರಬೇಕು. ಜಮಖಂಡಿಯಲ್ಲಿ ರೋಹಿತ ಕಂಡ ನಾಡಿನ ಮಕ್ಕಳು ಇದನ್ನು ಕೇಳುವ ಹಕ್ಕುಳ್ಳವರು.

ಈ ಸಭೆ ಮುಗಿದ ಮೇಲೆ ಎರಡು ಕೆಲಸ ಇಟ್ಟುಕೊಂಡಿದ್ದೇನೆ. ಬಾಗಿಲ ಹತ್ತಿರ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಸಿ.ಡಿ. ಚೂರುಗಳನ್ನು ಇಟ್ಟಿದ್ದೇನೆ, ಅಂಚುಗಳಿಗೆ ಟೇಪ್ ಹಚ್ಚಿದೆ. ಮಕ್ಕಳೆ, ಒಂದೊಂದು ತೆಗೆದುಕೊಂಡು ಮೇಲಿನ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಅದರಲ್ಲಿ ಓರೆಯಾಗಿ ನೋಡಿರಿ. ಹಸಿರು, ನೇರಳೆ ಪಟ್ಟಿಗಳು ಬೇರೆ ಬೇರೆಯಾಗಿ ನಿಂತಿರುತ್ತವೆ. ಅವು ಟ್ಯೂಬಿನೊಳಗಿನ ಪಾದರಸದ ಹೆಬ್ಬೆಟ್ಟು. ಆಮೇಲೆ ಮನೆಗೆ ಹೋಗಿ ದೇವರ ದೀಪವನ್ನು ಹಾಗೆಯೇ ನೋಡಿರಿ, ಬಣ್ಣಗಳು ಕಡಿಯದೆ ಹಾಸಿಕೊಂಡಿರುತ್ತವೆ. ಎರಡಕ್ಕೂ ಏಕೆ ವ್ಯತ್ಯಾಸ ಎಂದು ನಿಮ್ಮ ಗುರುಗಳನ್ನು ಕೇಳಿರಿ.

ಎರಡನೆಯದಕ್ಕೆ ಎಲ್ಲರೂ ಬರಬೇಕು. ಅಮಾವಾಸ್ಯೆ ಹತ್ತಿರವಿದೆ, ಮೋಡವಿಲ್ಲ, ಡಿಸೆಂಬರಿನ ರಾತ್ರಿ. ಮೈದಾನದ ದೀಪಗಳನ್ನು ಹತ್ತು ನಿಮಿಷ ಆರಿಸಲು ಒಪ್ಪಿಕೊಂಡಿದ್ದಾರೆ. ಕಣ್ಣು ಕತ್ತಲೆಗೆ ಒಗ್ಗುವವರೆಗೆ ಮೊಬೈಲು ತೆಗೆಯಬೇಡಿರಿ. ಪೂರ್ವಾಭಾದ್ರ, ಉತ್ತರಾಭಾದ್ರ ನಕ್ಷತ್ರಗಳ ನಾಲ್ಕು ಚುಕ್ಕೆಗಳು ಕೂಡಿ ಆಕಾಶದಲ್ಲಿ ದೊಡ್ಡ ಚೌಕವಾಗಿ ನಿಂತಿರುತ್ತವೆ. ಅದರ ಈಶಾನ್ಯ ಮೂಲೆಯ ನಕ್ಷತ್ರದಿಂದ ಈಶಾನ್ಯಕ್ಕೆ ಎರಡು ನಕ್ಷತ್ರ ಎಣಿಸಿ, ಎರಡನೆಯದರಿಂದ ವಾಯವ್ಯಕ್ಕೆ ಹೊರಳಿ ಎರಡು ಮಂದ ಚುಕ್ಕೆ ಏರಿದರೆ, ನೆತ್ತಿಯಿಂದ ತುಸು ಉತ್ತರಕ್ಕೆ, ಉಸಿರು ತಾಗಿದ ಕನ್ನಡಿಯ ಮೇಲಿನ ಮಬ್ಬಿನಂಥ ಒಂದು ಕಲೆ ಕಾಣುತ್ತದೆ. ಅದು ದೇವಯಾನಿ ಗೆಲಾಕ್ಸಿ. ಈಗ ಕಾಣುವ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷ ಆಯಿತು. ಸ್ಲೈಫರ್‌ನ ಫಲಕದಲ್ಲಿ ನೀಲಿಗೆ ಸರಿದಿದ್ದವು ಇದರದೇ ಗೆರೆಗಳು. ಹಿರಿಯರಿಗೆ ಗೋಡೆಯ ಪಕ್ಕ ಕುರ್ಚಿ ಹಾಕಿಸಿದ್ದೇವೆ. ಬನ್ನಿ, ಹೊರಗೆ ಹೋಗೋಣ.